ಸಂಜೆ ಆರರೊಳಗೆ ಟೆಂಟು ನಿಲ್ಲಲಿ
ಮನೆಮಂದಿಯ ಕ್ಯಾಂಪಿಂಗ್: ಓದುಗರ ಪ್ರಶ್ನೆ, ನಮ್ಮ ಉತ್ತರ

ರಜೆ ಹತ್ತಿರ ಬಂದಂತೆ ಮೈಸೂರು, ಮಂಡ್ಯ ಕಡೆಯಿಂದ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳು-ಮರಿ ಕಟ್ಟಿಕೊಂಡು ಹೊರಗೆ ಒಂದು ರಾತ್ರಿ ಕಳೆಯುವುದರ ಬಗ್ಗೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾನು, ಯಜಮಾನರು, ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳು, ಅರವತ್ತಾರು ವರ್ಷದ ಅತ್ತೆ. ದಸರಾ ರಜೆಯಲ್ಲಿ ಕೆ.ಆರ್.ಎಸ್. ಹಿನ್ನೀರಿನ ದಂಡೆಯಲ್ಲಿ ಒಂದು ರಾತ್ರಿ ಟೆಂಟು ಹಾಕಬೇಕೆಂದು ಮಕ್ಕಳ ಹಟ. ಹಾಕಬಹುದೇ? ಅತ್ತೆಗೆ ಮಂಡಿನೋವು, ಆದರೆ ಅವರನ್ನು ಬಿಟ್ಟುಹೋಗಲು ಮನಸ್ಸಿಲ್ಲ.
— ಕುವೆಂಪುನಗರ, ಮೈಸೂರು

ಉತ್ತರ: ಅತ್ತೆಯವರನ್ನು ಖಂಡಿತ ಕರೆದುಕೊಂಡು ಹೋಗಿ. ಬದಲಿಸಬೇಕಾದ್ದು ತಿಂಗಳು ಮತ್ತು ಜಾಗ.

ಮೊದಲು ತಿಂಗಳು. ಮೈಸೂರು ಸೀಮೆಗೆ ಜೋರು ಮಳೆ ಬೀಳುವುದು ಜೂನ್, ಜುಲೈನಲ್ಲಿ ಅಲ್ಲ. ಮೇ ತಿಂಗಳಲ್ಲೊಮ್ಮೆ, ಮತ್ತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲೊಮ್ಮೆ ಇಲ್ಲಿ ಮಳೆ ಹೆಚ್ಚು. ಅದೂ ಹಗಲೆಲ್ಲ ಬಿಸಿಲು ಕಾದು, ಸಂಜೆ ಗುಡುಗು ಸಿಡಿಲಿನೊಂದಿಗೆ ಬರುವ ಮಳೆ. ದಸರಾ ರಜೆ ಸರಿಯಾಗಿ ಆ ಹೊತ್ತಿಗೇ ಬೀಳುತ್ತದೆ. ಮೊದಲ ಸಲ ಹೋಗುವ ಕುಟುಂಬಕ್ಕೆ ಡಿಸೆಂಬರ್ ಮೊದಲ ವಾರದಿಂದ ಫೆಬ್ರವರಿ ನಡುವಿನವರೆಗಿನ ಕಾಲ ಒಳ್ಳೆಯದು. ಮಕ್ಕಳಿಗೆ ಕ್ರಿಸ್‌ಮಸ್ ಅಥವಾ ಸಂಕ್ರಾಂತಿ ರಜೆ ಸಿಗುತ್ತದೆ, ನೆಲ ಒಣಗಿರುತ್ತದೆ. ರಾತ್ರಿ ಚಳಿ ಸುಮಾರು 15-16 ಡಿಗ್ರಿಗೆ ಇಳಿಯುತ್ತದೆ, ತೆರೆದ ಬಯಲಿನಲ್ಲಿ ಇನ್ನೂ ಸ್ವಲ್ಪ ಕಡಿಮೆ. ಅದನ್ನು ಕಂಬಳಿಯಿಂದ ನಿಭಾಯಿಸಬಹುದು.

ಇನ್ನು ಜಾಗ. ಹಿನ್ನೀರಿನ ದಂಡೆ ಬೀಳುಬಿಟ್ಟ ಹುಲ್ಲುಗಾವಲಿನಂತೆ ಕಂಡರೂ ಅದು ಜಲಾಶಯದ ಜಮೀನು. ಸ್ಥಳೀಯ ಅಧಿಕಾರಿಗಳ ಒಪ್ಪಿಗೆ ಇಲ್ಲದೆ ಅಲ್ಲಿ ರಾತ್ರಿ ಉಳಿಯಬೇಡಿ. ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ನೀರು ಹಿಂದೆ ಸರಿದ ಜಾಗದಲ್ಲಿ ಮೇಲಿನ ಎರಡು ಮೂರು ಇಂಚು ಮಣ್ಣು ಒಣಗಿ ಬಿರುಕು ಬಿಟ್ಟಿರುತ್ತದೆ, ಅದರ ಕೆಳಗೆ ಮೆತ್ತನೆಯ ಹೂಳು. ಮನುಷ್ಯ ನಡೆದರೆ ತಡೆಯುತ್ತದೆ, ಕಾರು ಹೋದರೆ ಚಕ್ರ ಅಚ್ಚಿನವರೆಗೆ ಹೂತುಹೋಗುತ್ತದೆ. ಟ್ರ್ಯಾಕ್ಟರ್ ಬಾರದೆ ಅದು ಮೇಲೇಳುವುದಿಲ್ಲ.

ನಿಮ್ಮ ಕುಟುಂಬಕ್ಕೆ ನಾವು ಹೇಳುವುದು ಎರಡರಲ್ಲಿ ಒಂದು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿಯಲ್ಲಿ ಕಾವೇರಿ ದಡದ ಶಿಬಿರ ನಡೆಸುತ್ತದೆ. ಊಟ, ಮಂಚ, ಶೌಚಾಲಯದ ಚಿಂತೆ ಇಲ್ಲ, ಮುಂಗಡ ಕಾಯ್ದಿರಿಸಬೇಕು ಅಷ್ಟೆ. ಇಲ್ಲವಾದರೆ ನೆಂಟರದೋ ಪರಿಚಯದವರದೋ ತೋಟ. ಮೊದಲ ಸಲಕ್ಕೆ ತೋಟವೇ ನಮಗೆ ಹೆಚ್ಚು ಇಷ್ಟ: ಪಂಪ್‌ಸೆಟ್ ನೀರು, ಕೂಗಿದರೆ ಕೇಳುವಷ್ಟು ದೂರದಲ್ಲಿ ಮನೆ, ಕಾರು ನಿಲ್ಲಿಸಲು ಗಟ್ಟಿ ನೆಲ.

ತೋಟದಲ್ಲೂ ಟೆಂಟಿನ ಜಾಗವನ್ನು ನೋಡಿ ಆರಿಸಬೇಕು. ತೆಂಗಿನ ಮರದ ಕೆಳಗೆ ಬೇಡ, ಕಾಯಿ ಮತ್ತು ಒಣಗರಿ ಬೀಳಲು ಗಾಳಿಯೇ ಬೇಕಿಲ್ಲ. ಮರದ ಬುಡದಿಂದ ಕನಿಷ್ಠ 20 ಅಡಿ ದೂರವಿರಲಿ, ಗರಿಗಳ ಹರವಿನಿಂದ ಆಚೆ. ಕಬ್ಬಿನ ಗದ್ದೆಯ ಬದಿಯೂ ಬೇಡ. ನಮ್ಮ ಎರಡೂ ಜಿಲ್ಲೆಗಳಲ್ಲಿ ಚಿರತೆ ಕಬ್ಬಿನೊಳಗೆ ಮರಿ ಹಾಕುವುದು ಎಲ್ಲರಿಗೂ ಗೊತ್ತಿರುವ ವಿಷಯ. ಅನ್ನ, ಮಾಂಸದ ಚೂರು ಹೊರಗೆ ಚೆಲ್ಲಿದರೆ ನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆ ಬರುತ್ತದೆ. ಆದ್ದರಿಂದ ಮುಸುರೆಯನ್ನು ಮುಚ್ಚಳದ ಬಕೆಟ್ಟಿನಲ್ಲಿ ಹಾಕಿ ಕಾರಿನೊಳಗಿಡಿ. ರಾತ್ರಿ ಮಕ್ಕಳು ಒಂದಕ್ಕೆ ಹೋಗಬೇಕೆಂದರೆ ದೊಡ್ಡವರೊಬ್ಬರು ಟಾರ್ಚ್ ಹಿಡಿದು ಜೊತೆಗೆ ಹೋಗಲೇಬೇಕು. ನಾಲೆಯ ಏರಿ ಕೂಡ ಸಮತಟ್ಟಾಗಿ ಆಸೆ ಹುಟ್ಟಿಸುತ್ತದೆ. ನಾಲೆಗೆ ನೀರು ಬಿಡುವ ಹೊತ್ತು ನಿಮಗೆ ತಿಳಿಯುವುದಿಲ್ಲ, ಕಾಂಕ್ರೀಟ್ ಗೋಡೆಯ ನಾಲೆಗೆ ಬಿದ್ದ ಮಗು ಹಿಡಿದು ಮೇಲೆ ಹತ್ತಲು ಏನೂ ಸಿಗುವುದಿಲ್ಲ. ಕನಿಷ್ಠ 200 ಅಡಿ ದೂರವಿರಿ.

ಅತ್ತೆಯವರಿಗೆ ಮಡಚುವ ಮಂಚ ಮತ್ತು ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಳ್ಳಿ. ಮಂಡಿನೋವಿನವರಿಗೆ ನೆಲದಲ್ಲಿ ಮಲಗುವುದಕ್ಕಿಂತ ನೆಲದಿಂದ ಏಳುವುದು ಕಷ್ಟ. ಮಂಚ ಹಿಡಿಸುವ ಎತ್ತರ ನಿಮ್ಮ ಟೆಂಟಿಗೆ ಇಲ್ಲದಿದ್ದರೆ ತೋಟದ ಮನೆಯ ಜಗಲಿಯ ಮೇಲೆ ಸೊಳ್ಳೆಪರದೆ ಕಟ್ಟಿ ಅವರಿಗೆ ಹಾಸಿಗೆ ಮಾಡಿ, ಸೊಸೆ ಅಥವಾ ಮಗ ಒಬ್ಬರು ಜೊತೆಗಿರಿ. ಮಾತ್ರೆಗಳನ್ನು ಎರಡು ದಿನಕ್ಕಲ್ಲ, ನಾಲ್ಕು ದಿನಕ್ಕಾಗುವಷ್ಟು ಇಟ್ಟುಕೊಳ್ಳಿ.

ಪ್ರಶ್ನೆ: ನಾಲ್ಕು ಜನರದ್ದು ಎಂದು ಬರೆದಿದ್ದ ಟೆಂಟು ತಂದು, ನೋಡೋಣವೆಂದು ತಾರಸಿಯ ಮೇಲೆ ಹಾಕಿ ನಾಲ್ವರೂ ಮಲಗಿದೆವು. ಕಾಲು ಚಾಚಲು ಜಾಗ ಸಾಲಲಿಲ್ಲ. ಮಳೆ ಬರದಿದ್ದರೂ ಬೆಳಿಗ್ಗೆ ಒಳಗೆಲ್ಲ ನೀರಿನ ಹನಿ, ಹೊದಿಕೆ ಒದ್ದೆ. ಅಂಗಡಿಯವರು ಸೋರುವ ಮಾಲು ಕೊಟ್ಟರೇ?
— ವಿದ್ಯಾನಗರ, ಮಂಡ್ಯ

ಉತ್ತರ: ಸೋರಿದ್ದಲ್ಲ, ನಿಮ್ಮ ಉಸಿರು. ನಾಲ್ಕು ಜನರ ಬಿಸಿ ಉಸಿರಿನ ನೀರಿನಂಶ ಹೊರಗಿನ ಚಳಿಗೆ ತಣ್ಣಗಾದ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ. ಚಳಿಗೆ ಹೆದರಿ ಕಿಟಕಿಯ ಜಿಪ್ ಪೂರ್ತಿ ಎಳೆದಷ್ಟೂ ಹನಿ ಹೆಚ್ಚು. ಎದುರುಬದುರಿನ ಎರಡು ಗಾಳಿಕಿಂಡಿಗಳನ್ನು ಒಂದು ಗೇಣು ತೆರೆದಿಡಿ, ಸೊಳ್ಳೆಬಲೆ ಮಾತ್ರ ಮುಚ್ಚಿರಲಿ. ಮೇಲುಹೊದಿಕೆ ಒಳಗಿನ ಬಟ್ಟೆಗೆ ತಾಗದಂತೆ ಬಿಗಿಯಾಗಿ ಎಳೆದು ಕಟ್ಟಿ, ನಡುವೆ ನಾಲ್ಕು ಬೆರಳಿನ ಅಂತರ ಬೇಕು. ಒದ್ದೆ ಟವೆಲು, ಒದ್ದೆ ಬೂಟು ಒಳಗೆ ತರಬೇಡಿ.

ನಿಜವಾಗಿ ಸೋರುತ್ತದೆಯೋ ಎಂದು ತಿಳಿಯಲು ಹಗಲಲ್ಲಿ ಖಾಲಿ ಟೆಂಟು ನಿಲ್ಲಿಸಿ, ಪೈಪಿನಿಂದ ಹೊಲಿಗೆಗಳ ಮೇಲೆ ಹತ್ತು ನಿಮಿಷ ನೀರು ಬಿಡಿ. ಹೊಲಿಗೆ ಉದ್ದಕ್ಕೂ ಜಿನುಗಿದರೆ ಟ್ಯೂಬಿನಲ್ಲಿ ಬರುವ ಸೀಮ್ ಸೀಲರ್ ಬಳಿದು ಒಂದು ದಿನ ಒಣಗಿಸಿದರೆ ಸಾಕು. ಬಟ್ಟೆಯ ನಡುವೆಯೇ ನೀರು ಇಳಿದರೆ ಆಗ ಅಂಗಡಿಗೆ ಹಿಂದಿರುಗಿಸಿ. ಟೆಂಟಿನ ಚೀಟಿಯಲ್ಲಿ ಮಿಲಿಮೀಟರಿನಲ್ಲಿ ಒಂದು ಅಂಕಿ ಇರುತ್ತದೆ, ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡ ತಡೆಯುತ್ತದೆ ಎಂಬುದರ ಲೆಕ್ಕ ಅದು. ಮೇಲುಹೊದಿಕೆಗೆ 2000, ತಳಕ್ಕೆ 3000 ಇದ್ದರೆ ನಮ್ಮ ಮಳೆಗೆ ಧೈರ್ಯವಾಗಿರಬಹುದು.

ಇಕ್ಕಟ್ಟಿಗೆ ಕಾರಣ, ತಯಾರಕರು ಒಬ್ಬರಿಗೆ ಸುಮಾರು 60 ಸೆಂಟಿಮೀಟರ್ ಅಗಲ ಹಿಡಿದು ಲೆಕ್ಕ ಹಾಕುತ್ತಾರೆ. ಅದರಲ್ಲಿ ಬ್ಯಾಗು, ದಿಂಬು, ನಿದ್ದೆಯಲ್ಲಿ ಹೊರಳುವ ಮಗು ಯಾವುದೂ ಸೇರಿಲ್ಲ. ಬರೆದ ಅಂಕಿಯಿಂದ ಎರಡು ಕಳೆದರೆ ನಿಮ್ಮ ಲೆಕ್ಕ ಸಿಗುತ್ತದೆ: ನಾಲ್ವರಿಗೆ ಆರು ಜನರ ಟೆಂಟು. ಈಗಾಗಲೇ ಕೊಂಡಾಗಿದ್ದರೆ ಬ್ಯಾಗುಗಳನ್ನು ಕಾರಿನಲ್ಲಿಟ್ಟು ಅಡ್ಡಡ್ಡ ಮಲಗಿ ನೋಡಿ.

ತಳಕ್ಕೆ ಹಾಸುವ ಟಾರ್ಪಾಲಿನಲ್ಲಿ ಬಹಳ ಜನ ಎಡವುತ್ತಾರೆ. ದೊಡ್ಡದಿದ್ದಷ್ಟೂ ಒಳ್ಳೆಯದೆಂದು ಟೆಂಟಿನಿಂದ ಆಚೆ ಒಂದಡಿ ಚಾಚುವಂತೆ ಹಾಸಿದರೆ ಮೇಲುಹೊದಿಕೆಯಿಂದ ಜಾರಿದ ನೀರೆಲ್ಲ ಆ ಅಂಚಿಗೆ ಬಿದ್ದು ಟಾರ್ಪಾಲಿನ ಮೇಲೆಯೇ ಟೆಂಟಿನ ಅಡಿಗೆ ಹರಿದು ಬರುತ್ತದೆ. ಅಂಚನ್ನು ಒಳಕ್ಕೆ ಮಡಚಿ, ಟೆಂಟಿನ ತಳಕ್ಕಿಂತ ಎಲ್ಲ ಕಡೆ ಎರಡು ಇಂಚು ಚಿಕ್ಕದಾಗಿರಲಿ.

ಗೂಟದ ವಿಷಯ. ಜೊತೆಗೆ ಬರುವ ತೆಳು ತಂತಿಯ ಗೂಟಗಳು ಡಿಸೆಂಬರಿನ ಒಣ ಕೆಂಪುಮಣ್ಣಿನಲ್ಲಿ ಬಾಗಿಹೋಗುತ್ತವೆ. ಒಂದು ಗೇಣಿಗೂ ಉದ್ದದ ಕಬ್ಬಿಣದ ಗೂಟ ಹತ್ತು ಹನ್ನೆರಡು, ಒಂದು ಸುತ್ತಿಗೆ ಇಟ್ಟುಕೊಳ್ಳಿ. ನೆಲ ತೀರ ಗಟ್ಟಿಯಿದ್ದರೆ ಒಂದು ಲೋಟ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಹೊಡೆಯಿರಿ. ಗೂಟ ನೆಟ್ಟಗೆ ಹೋಗಬಾರದು: ತಲೆ ಟೆಂಟಿನಿಂದ ಆಚೆ ವಾಲಿ, ಮೊನೆ ಟೆಂಟಿನ ಕಡೆಗಿರಬೇಕು. ಆಗ ಹಗ್ಗ ಎಳೆದಷ್ಟೂ ಗೂಟ ಮಣ್ಣನ್ನು ಕಚ್ಚುತ್ತದೆ. ಹಗ್ಗಗಳಿಗೆ ಬಿಳಿ ಬಟ್ಟೆಯ ಚೂರು ಕಟ್ಟಿ, ಕತ್ತಲಲ್ಲಿ ಮಕ್ಕಳು ಎಡವಿ ಬೀಳುವುದು ಇವಕ್ಕೇ.

ನೀವು ತಾರಸಿಯ ಮೇಲೆ ಹಾಕಿ ನೋಡಿದ್ದು ಬಹಳ ಒಳ್ಳೆಯ ಕೆಲಸ. ಟೆಂಟು ಕೊಂಡವರೆಲ್ಲ ಹಾಗೆ ಮಾಡಬೇಕು. ಒಂದು ಕಡ್ಡಿ ಕಡಿಮೆ ಇರುವುದು ಗೊತ್ತಾಗಬೇಕಾದ್ದು ಮನೆಯಲ್ಲಿ.

ಪ್ರಶ್ನೆ: ಶನಿವಾರ ಮಧ್ಯಾಹ್ನ ಹೊರಟು ಭಾನುವಾರ ಮಧ್ಯಾಹ್ನ ವಾಪಸ್. ಮೂವರು ದೊಡ್ಡವರು, ಇಬ್ಬರು ಮಕ್ಕಳು. ನೀರು, ಊಟ ಎಷ್ಟು ಒಯ್ಯಬೇಕು? ಮನೆಯವರಿಗೆ ರಾತ್ರಿ ಹಿಟ್ಟಿಲ್ಲದೆ ಆಗುವುದಿಲ್ಲ.
— ಮದ್ದೂರು

ಉತ್ತರ: ನೀರಿನಿಂದ ಶುರುಮಾಡೋಣ, ಕಡಿಮೆ ಬೀಳುವುದು ಯಾವಾಗಲೂ ಅದೇ. ಕುಡಿಯಲು ದೊಡ್ಡವರಿಗೆ ದಿನಕ್ಕೆ 3 ಲೀಟರ್, ಮಕ್ಕಳಿಗೆ ಒಂದೂವರೆಯಿಂದ 2, ಒಟ್ಟು 13 ಲೀಟರ್. ಅಡುಗೆ, ಕಾಫಿಗೆ 7. ಅಲ್ಲಿಗೆ 20 ಲೀಟರಿನ ಒಂದು ಕ್ಯಾನು ಮುಗಿಯಿತು. ಕೈಕಾಲು, ಪಾತ್ರೆ, ಶೌಚಕ್ಕೆ ಇನ್ನೊಂದು ಕ್ಯಾನು. ಬೋರ್‌ವೆಲ್ ಇರುವ ತೋಟವಾದರೆ ಎರಡನೆಯದನ್ನು ಅಲ್ಲೇ ತುಂಬಿಕೊಳ್ಳಿ. ಹೊಳೆ, ಕೆರೆ ನೀರನ್ನು ಕುಡಿಯಲು ನೆಚ್ಚಬೇಡಿ. ಅನಿವಾರ್ಯವಾದರೆ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೂ ಒಂದೆರಡು ನಿಮಿಷ ಕುದಿಸಿ. ಕ್ಯಾನಿಗೆ ನಲ್ಲಿ ಇದ್ದರೆ ಒಳ್ಳೆಯದು, ಮಕ್ಕಳು ಲೋಟ ಅದ್ದಿ ನೀರು ಕೆಡಿಸುವುದು ತಪ್ಪುತ್ತದೆ.

ಊಟದಲ್ಲಿ ಸೂತ್ರ ಇಷ್ಟೆ: ಹಸಿ ತೆಂಗಿನಕಾಯಿ, ಮೊಸರು ಬೆರೆತದ್ದು, ಬೇಯಿಸಿದ ಆಲೂಗಡ್ಡೆಯ ಪಲ್ಯ ಒಯ್ಯಬೇಡಿ, ಮಧ್ಯಾಹ್ನದ ಕಾರಿನ ಸೆಕೆಗೇ ಹಳಸುತ್ತವೆ. ಬಿಸಿ ಅನ್ನವನ್ನು ಡಬ್ಬಿಯಲ್ಲಿ ಮುಚ್ಚಿ ತೆಗೆದುಕೊಂಡು ಹೋಗುವುದು ಇನ್ನೂ ಅಪಾಯ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನ ಅಲ್ಲೇ ಮಾಡಿ, ಎರಡು ಗಂಟೆಯೊಳಗೆ ಉಣ್ಣಿ.

ಸಂಜೆ ತಲುಪಿದ ತಕ್ಷಣಕ್ಕೆ ಒಲೆ ಬೇಡದ ಗೊಜ್ಜವಲಕ್ಕಿ. ಗಟ್ಟಿ ಅವಲಕ್ಕಿ 300 ಗ್ರಾಂ ಮನೆಯಲ್ಲೇ ತರಿತರಿಯಾಗಿ ಪುಡಿ ಮಾಡಿ, ಸಾರಿನಪುಡಿ, ಉಪ್ಪು, ಬೆಲ್ಲದ ಪುಡಿ, ಕೊಬ್ಬರಿ ತುರಿ ಬೆರೆಸಿ ಡಬ್ಬಿಗೆ ಹಾಕಿ. ಒಗ್ಗರಣೆ ಬೇರೆ ಚಿಕ್ಕ ಡಬ್ಬಿಯಲ್ಲಿ. ಅಲ್ಲಿ ಹೋಗಿ ಒಂದು ಲೋಟ ಪುಡಿಗೆ ಮುಕ್ಕಾಲು ಲೋಟ ತೆಳು ಹುಣಸೆ ನೀರು ಹಾಕಿ ಕಲಸಿ ಇಪ್ಪತ್ತು ನಿಮಿಷ ಮುಚ್ಚಿಡಿ. ಗಟ್ಟಿ ಎನಿಸಿದರೆ ನೀರು ಚಿಮುಕಿಸಿ. ಮೊದಲೇ ಹೆಚ್ಚು ಸುರಿದರೆ ಮುದ್ದೆಯಾಗುತ್ತದೆ, ಸರಿಪಡಿಸಲು ಬರುವುದಿಲ್ಲ.

ರಾತ್ರಿಗೆ 400 ಗ್ರಾಂ ಅಕ್ಕಿಯ ಅನ್ನ, ಮನೆಯಲ್ಲೇ ಎಣ್ಣೆ ಬಿಡುವವರೆಗೆ ಕುದಿಸಿ ತಂದ ಪುಳಿಯೋಗರೆ ಗೊಜ್ಜು. ಮೇಲುಕೋಟೆಯ ಪುಳಿಯೋಗರೆಗೆ ಹೆಸರು ಬಂದಿರುವುದು ರುಚಿಯಿಂದ, ಆದರೆ ಪ್ರಯಾಣಕ್ಕೆ ಅದನ್ನು ಹಿರಿಯರು ಆರಿಸಿಕೊಂಡದ್ದು ಹುಳಿ ಮತ್ತು ಎಣ್ಣೆ ಕೆಡಲು ಬಿಡುವುದಿಲ್ಲ ಎಂದು. ಬೆಳಿಗ್ಗೆಗೆ ಉಪ್ಪಿಟ್ಟು: 350 ಗ್ರಾಂ ರವೆಯನ್ನು ಮನೆಯಲ್ಲೇ ಒಗ್ಗರಣೆ ಸಮೇತ ಹುರಿಯಿರಿ. ಕರಿಬೇವು ಗರಿಗರಿ ಆಗುವವರೆಗೆ ಎಣ್ಣೆಯಲ್ಲಿ ಬಿಡಬೇಕು, ಹಸಿ ಎಲೆಯ ತೇವಕ್ಕೇ ರವೆ ಮುಗ್ಗಲು ಹಿಡಿಯುವುದು. ಹಸಿಮೆಣಸಿನ ಬದಲು ಒಣಮೆಣಸು. ಪೂರ್ತಿ ತಣಿದ ಮೇಲೆ ಮುಚ್ಚಳ ಹಾಕಿ. ಅಲ್ಲಿ ಒಂದು ಲೋಟ ರವೆಗೆ ಎರಡೂವರೆ ಲೋಟ ನೀರು ಕುದಿಸಿ ಸುರಿದರೆ ಐದು ನಿಮಿಷದಲ್ಲಿ ತಿಂಡಿ.

ಈಗ ಹಿಟ್ಟು. ಮಾಡಬಹುದು, ಆದರೆ ಕಿರಿದಾದ ಕ್ಯಾಂಪಿಂಗ್ ಸ್ಟೋವಿನ ಮೇಲೆ ಖಂಡಿತ ಬೇಡ. ಕೋಲು ಹಾಕಿ ತಿರುವುವ ಬಲಕ್ಕೆ ಸ್ಟೋವು ಪಾತ್ರೆ ಸಮೇತ ಮಗುಚುತ್ತದೆ, ಕುದಿಯುವ ಅಂಬಲಿ ಕಾಲಿನ ಮೇಲೆ ಬೀಳುತ್ತದೆ. ಮೂರು ಕಲ್ಲಿನ ಒಲೆ ಹೂಡಿ, ಪಾತ್ರೆ ಅಲುಗದಂತೆ ಕಲ್ಲು ಕೂರಿಸಿ, ಬೆಂದ ಮೇಲೆ ಕೆಳಗಿಳಿಸಿ ಒಬ್ಬರು ಹಿಡಿದು ಒಬ್ಬರು ತಿರುವಿ. ಒಂದು ಮುದ್ದೆಗೆ 80 ಗ್ರಾಂ ರಾಗಿಹಿಟ್ಟು, ಅದರ ಎರಡರಷ್ಟು ನೀರು. ಸೌದೆ ಮನೆಯಿಂದಲೇ ಬರಲಿ.

ಪ್ರಶ್ನೆ: ಮುತ್ತತ್ತಿಯಲ್ಲಿ ಟೆಂಟು ಹಾಕಿ ಮಕ್ಕಳಿಗೆ ಈಜು ಕಲಿಸಬೇಕೆಂದಿದ್ದೇವೆ. ನೀರು ಶಾಂತವಾಗಿರುವ ಜಾಗ ತಿಳಿಸಿ.
— ಮಳವಳ್ಳಿ

ಉತ್ತರ: ದಯವಿಟ್ಟು ಬೇಡ. ಅಲ್ಲಿ ಮೇಲೆ ಶಾಂತವಾಗಿ ಕಾಣುವ ನೀರಿನ ಕೆಳಗೆ ಬಂಡೆಯ ಗುಂಡಿಗಳು, ಸುಳಿಗಳಿವೆ. ಮೊಸಳೆಯೂ ಇವೆ. ಮೇಲ್ಭಾಗದಲ್ಲಿ ಕನ್ನಂಬಾಡಿಯಿಂದಲೋ, ತಿ.ನರಸೀಪುರದಲ್ಲಿ ಬಂದು ಸೇರುವ ಕಬಿನಿಯಿಂದಲೋ ನೀರು ಬಿಟ್ಟರೆ, ನೀವಿರುವಲ್ಲಿ ಒಂದು ಹನಿ ಮಳೆ ಬೀಳದೆಯೂ ಹೊಳೆ ಏರುತ್ತದೆ. ಈಜು ಬರುವ ದೊಡ್ಡವರೇ ಅಲ್ಲಿ ಜೀವ ಕಳೆದುಕೊಂಡಿದ್ದಾರೆ. ಅದು ಕಾವೇರಿ ವನ್ಯಜೀವಿಧಾಮದ ಪ್ರದೇಶವೂ ಹೌದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಹೋಗುವುದು, ಉಳಿಯುವುದು ಅಪರಾಧ. ಈಜನ್ನು ಈಜುಕೊಳದಲ್ಲಿ ಕಲಿಸಿ, ಮುತ್ತತ್ತಿರಾಯನ ದರ್ಶನ ಮಾಡಿಸಿ ಹಗಲಲ್ಲೇ ವಾಪಸಾಗಿ.

ಪ್ರಶ್ನೆ: ಮನೆಯ ಗ್ಯಾಸ್ ಸಿಲಿಂಡರನ್ನೇ ಕಾರಿನಲ್ಲಿ ಒಯ್ಯಬಹುದೇ? ಚಳಿಗೆ ಟೆಂಟಿನೊಳಗೆ ಕೆಂಡದ ಬಾಂಡಲಿ ಇಟ್ಟುಕೊಂಡರೆ?
— ಹುಣಸೂರು

ಉತ್ತರ: ಕೆಂಡದ ಮಾತು ಮೊದಲು. ಉರಿ ಇಲ್ಲದ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಟೆಂಟಿನೊಳಗೆ ಕೆಂಡ, ಸ್ಟೋವು, ಸೊಳ್ಳೆಬತ್ತಿ ಯಾವುದೂ ಬೇಡ. ಚಳಿ ಹೆಚ್ಚಾಗಿ ಏರುವುದು ನೆಲದಿಂದ. ಮೇಲೆ ಎರಡು ಕಂಬಳಿ ಹೊದ್ದು ಕೆಳಗೆ ಬರೀ ಚಾಪೆ ಹಾಸಿದರೆ ನಡುಕ ನಿಲ್ಲುವುದಿಲ್ಲ. ಕೆಳಗೆ ಫೋಮ್ ಮ್ಯಾಟು, ಅದರ ಮೇಲೆ ಜಮಖಾನ, ಆಮೇಲೆ ಹೊದೆಯಲು ಒಂದು ಕಂಬಳಿ ಸಾಕು. ಗಾಳಿ ತುಂಬುವ ಹಾಸಿಗೆ ಮೆತ್ತಗಿದ್ದರೂ ಒಳಗಿನ ಗಾಳಿ ತಣ್ಣಗಾಗಿ ಬೆನ್ನಿಗೆ ಚಳಿ ಏರುತ್ತದೆ, ಅದರ ಮೇಲೂ ಕಂಬಳಿ ಹಾಸಿ.

ಮನೆಯ ದೊಡ್ಡ ಸಿಲಿಂಡರ್ ಬೇಡ. ಡಿಕ್ಕಿಯಲ್ಲಿ ಅಡ್ಡ ಮಲಗಿಸಿ, ಬಿಸಿಲಲ್ಲಿ ಗಂಟೆಗಟ್ಟಲೆ ಸಾಗಿಸುವಂಥ ವಸ್ತುವಲ್ಲ ಅದು. ಸೂಟ್‌ಕೇಸಿನಂಥ ಸ್ಟೋವಿಗೆ ಹಾಕುವ ಚಿಕ್ಕ ಕ್ಯಾನು ದೊಡ್ಡ ಉರಿಯಲ್ಲಿ ಸುಮಾರು ಒಂದೂವರೆ ಗಂಟೆ ಬರುತ್ತದೆ. ಒಂದು ರಾತ್ರಿಗೆ ಎರಡು ಇಟ್ಟುಕೊಳ್ಳಿ. ಇಂಥ ಸ್ಟೋವಿನ ಮೇಲೆ ಅಗಲವಾದ ಕಾವಲಿ ಇಡಬಾರದು. ಕಾವಲಿಯ ಅಂಚು ಕ್ಯಾನಿನ ಮೇಲೆ ಚಾಚಿದರೆ ಕೆಳಗೆ ಶಾಖ ಬಡಿದು ಕ್ಯಾನು ಸಿಡಿಯಬಹುದು. ಗಾಳಿಗೆ ಮರೆ ಕಟ್ಟುವಾಗಲೂ ಸ್ಟೋವನ್ನು ಸುತ್ತಲೂ ಮುಚ್ಚಬೇಡಿ, ಗಾಳಿ ಬರುವ ಒಂದು ಕಡೆಗೆ ಮಾತ್ರ ಮರೆ ಸಾಕು.

ಪ್ರಶ್ನೆ: ತೋಟದಲ್ಲಿ ಉಳಿಯಲು ನನಗಿರುವ ಭಯ ಒಂದೇ, ಹಾವು. ಏನು ಎಚ್ಚರಿಕೆ? ಕಚ್ಚಿದರೆ ಹಗ್ಗ ಕಟ್ಟಬೇಕೇ?
— ತಿ.ನರಸೀಪುರ

ಉತ್ತರ: ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಬಿಗಿಯಾಗಿ ಕಟ್ಟಿದರೆ ರಕ್ತ ಸಂಚಾರ ನಿಂತು ಕೈಕಾಲೇ ಹೋಗಬಹುದು.

ನಮ್ಮ ಕಡೆ ಜೀವಕ್ಕೆ ಅಪಾಯ ತರುವವು ಮುಖ್ಯವಾಗಿ ನಾಲ್ಕು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನೆಲದಲ್ಲಿ ಮಲಗುವವರು ಹೆಚ್ಚು ಹುಷಾರಾಗಿರಬೇಕಾದ್ದು ಕಟ್ಟುಹಾವಿನ ಬಗ್ಗೆ. ಅದು ಓಡಾಡುವುದು ರಾತ್ರಿ, ಕಚ್ಚಿದ ಜಾಗದಲ್ಲಿ ನೋವು, ಊತ ಅಷ್ಟಾಗಿ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು ಕಂಡರೆ, ಕಚ್ಚಿದ ಗುರುತು ಹುಡುಕುತ್ತ ಕೂರದೆ ಆಸ್ಪತ್ರೆಗೆ ಹೊರಡಿ.

ಟೆಂಟಿನ ಜಿಪ್ ಹಗಲೂ ಮುಚ್ಚಿರಲಿ, ಸಂಜೆ ಒಳಹೋಗುವ ಮುನ್ನ ಹಾಸಿಗೆ ಕೊಡವಿ. ಚಪ್ಪಲಿ, ಬೂಟು ಒಳಗಿಟ್ಟುಕೊಂಡು, ಬೆಳಿಗ್ಗೆ ಕುಟ್ಟಿ ಹಾಕಿಕೊಳ್ಳಿ. ತಿಂಡಿಯ ಚೂರು ಇಲಿಯನ್ನು ಕರೆಯುತ್ತದೆ, ಇಲಿ ಹಾವನ್ನು. ಸೌದೆ ರಾಶಿ, ಒಣಗರಿ ಗುಡ್ಡೆ, ಕಲ್ಲುಗುಂಪಿನಿಂದ ದೂರ ಟೆಂಟು ಹಾಕಿ.

ಕಚ್ಚಿದರೆ ಆ ವ್ಯಕ್ತಿಯನ್ನು ನಡೆಸಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ, ಊತ ಬಂದ ಮೇಲೆ ಬರುವುದಿಲ್ಲ. ಕೈಕಾಲನ್ನು ಮುರಿದ ಮೂಳೆಗೆ ಕಟ್ಟುವಂತೆ ಒಂದು ದಬ್ಬೆ ಇಟ್ಟು ಸಡಿಲವಾಗಿ ಕಟ್ಟಿ, 108ಕ್ಕೆ ಫೋನ್ ಮಾಡಿ. ಹಾವನ್ನು ಹೊಡೆಯಲು, ಹಿಡಿಯಲು ಹೋಗಬೇಡಿ. ಈ ನಾಲ್ಕಕ್ಕೂ ಕೊಡುವ ಔಷಧಿ ಒಂದೇ. ಹೊರಡುವ ಹಿಂದಿನ ದಿನ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ ಆ ಚುಚ್ಚುಮದ್ದು ಇದೆಯೇ ಎಂದು ಕೇಳಿ, ದಾರಿ ಗುರುತುಮಾಡಿಕೊಳ್ಳಿ.

ಪ್ರಶ್ನೆ: ಎಷ್ಟು ಹೊತ್ತಿಗೆ ತಲುಪಬೇಕು? ಯಾವ ಕೆಲಸ ಮೊದಲು?
— ವಿಜಯನಗರ, ಮೈಸೂರು

ಉತ್ತರ: ಡಿಸೆಂಬರಿನಲ್ಲಿ ಮೈಸೂರಿನಲ್ಲಿ ಸೂರ್ಯ ಸಂಜೆ ಆರರ ಸುಮಾರಿಗೆ ಮುಳುಗುತ್ತಾನೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಟೆಂಟಿಗೆ ಒಂದು ಗಂಟೆ, ಹಾಸಿಗೆ ಮತ್ತು ಶೌಚದ ಏರ್ಪಾಡಿಗೆ ಅರ್ಧ ಗಂಟೆ, ಅಡುಗೆಗೆ ಒಂದು ಗಂಟೆ, ಜಾಗ ಸುತ್ತಿ ನೋಡಲು ಅರ್ಧ ಗಂಟೆ. ಮೂರು ಗಂಟೆಗೆ ಅಲ್ಲಿರಬೇಕು ಎಂದಾಯಿತು. ಊರು ಬಿಡುವುದು ತಡವಾದರೆ ಅಡುಗೆಯನ್ನು ಕೈಬಿಡಿ, ಟೆಂಟನ್ನಲ್ಲ. ಗೊಜ್ಜವಲಕ್ಕಿ ತಿಂದು ಮಲಗಬಹುದು, ಕತ್ತಲಲ್ಲಿ ಕಡ್ಡಿ ಜೋಡಿಸಲಾಗುವುದಿಲ್ಲ.

ಶೌಚಾಲಯ ಇಲ್ಲದ ಕಡೆ ನೀರಿನಿಂದ 200 ಅಡಿ ದೂರದಲ್ಲಿ ಒಂದು ಗೇಣು ಆಳದ ಗುಂಡಿ ತೋಡಿ, ಮಣ್ಣು ಪಕ್ಕದಲ್ಲೇ ಗುಡ್ಡೆ ಹಾಕಿ, ಪ್ರತಿ ಸಲ ಮುಚ್ಚಿ. ತಲೆಗೆ ಕಟ್ಟುವ ಟಾರ್ಚ್ ಪ್ರತಿಯೊಬ್ಬರಿಗೂ ಒಂದು, ಮಕ್ಕಳ ಕೊರಳಿಗೆ ಸೀಟಿ. ದಾರಿ ತಪ್ಪಿದರೆ ನಿಂತಲ್ಲೇ ನಿಂತು ಮೂರು ಸಲ ಊದಬೇಕೆಂದು ಹೇಳಿಕೊಡಿ.

ಸಂಜೆ ಗುಡುಗು ಕೇಳಿದರೆ ಎಲ್ಲರೂ ಗಾಜು ಏರಿಸಿದ ಕಾರಿನೊಳಗೆ ಕೂರಿ. ಒಂಟಿ ಮರದ ಕೆಳಗೂ ಬೇಡ, ಟೆಂಟಿನಲ್ಲೂ ಬೇಡ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ಇಳಿಯಿರಿ.

ಮನೆಗೆ ಬಂದ ದಿನವೇ ಟೆಂಟನ್ನು ತಾರಸಿಯಲ್ಲಿ ಹರಡಿ ಹೊಲಿಗೆಗಳೂ ಒಣಗುವಂತೆ ನೆರಳಿನಲ್ಲಿ ಆರಿಸಿ. ಬೆಳಗಿನ ಇಬ್ಬನಿಯ ತೇವದಲ್ಲೇ ಸುತ್ತಿಟ್ಟರೆ ಒಂದೇ ವಾರದಲ್ಲಿ ಬೂಷ್ಟು ಬಂದು, ಒಳಗಿನ ನೀರುನಿರೋಧಕ ಲೇಪ ಅಂಟಂಟಾಗಿ ಕಳಚುತ್ತದೆ. ಆಮೇಲೆ ಆ ಟೆಂಟು ಮಳೆಗೆ ಬರುವುದಿಲ್ಲ.